ಹೇಳಿದ ಬೆಲೆ, ಕೊಟ್ಟ ಮಾತು

ಮಾನ್ಯರೇ, ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವ ವಿಷಯ ಮೇಲ್ನೋಟಕ್ಕೆ ಬಹಳ ಸಣ್ಣದು. ಆನ್‌ಲೈನ್ ಹರಾಜು ತಾಣಗಳಲ್ಲಿ ಮಾರಾಟಕ್ಕಿಟ್ಟ ಅನೇಕ ವಸ್ತುಗಳ ಪಕ್ಕದಲ್ಲಿ ‘ಈಗಲೇ ಕೊಳ್ಳಿ’ ಎಂಬ ಗುಂಡಿಯ ಜೊತೆಗೆ ‘ನಿಮ್ಮ ಬೆಲೆ ತಿಳಿಸಿ’ ಎಂಬ ಅರ್ಥದ ಇನ್ನೊಂದು ಗುಂಡಿಯೂ ಇರುತ್ತದೆ. ಅದನ್ನು ಒತ್ತಿದರೆ ಒಂದು ಖಾಲಿ ಚೌಕ ತೆರೆದುಕೊಳ್ಳುತ್ತದೆ. ಆ ಚೌಕದಲ್ಲಿ ಯಾವ ಸಂಖ್ಯೆಯನ್ನು ಬರೆಯಬೇಕು, ಬರೆಯುವ ಮೊದಲು ಏನೇನು ತಿಳಿದಿರಬೇಕು, ಕಳುಹಿಸಿದ ಮೇಲೆ ನಮ್ಮ ಮೇಲೆ ಬೀಳುವ ಹೊಣೆ ಎಂಥದು ಎಂಬುದಷ್ಟೇ ಈ ಉಪನ್ಯಾಸದ ವ್ಯಾಪ್ತಿ. ಹಳೆಯ ಕ್ಯಾಮೆರಾ, ಲೆನ್ಸು, ಶಾಯಿ ಪೆನ್ನುಗಳನ್ನು ಹಲವು ವರ್ಷಗಳಿಂದ ಇಂಥ ತಾಣಗಳಲ್ಲಿ ಕೊಳ್ಳುತ್ತ, ಆಗಾಗ ಮಾರುತ್ತ ಬಂದಿರುವವನು ನಾನು. ಹಾಗಾಗಿ ಆ ಗುಂಡಿಯ ಎರಡೂ ಬದಿಯ ಅನುಭವ ಸ್ವಲ್ಪಮಟ್ಟಿಗೆ ಇದೆ.

ಪದದ ವಿಚಾರವನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ನಮ್ಮ ಆಡುಮಾತಿನಲ್ಲಿ ‘ಆಫರ್’ ಎಂದರೆ ಮಾರುವವರು ಕೊಡುವ ರಿಯಾಯಿತಿ ಎಂಬ ಅರ್ಥ ಬೇರೂರಿದೆ. ಈ ತಾಣಗಳಲ್ಲಿ ಅದು ತಿರುವುಮುರುವಾಗಿದೆ. ಇಲ್ಲಿ ಸಾಮಾನ್ಯವಾಗಿ ಆಫರ್ ಮಾಡುವವರು ಕೊಳ್ಳುವವರು. ಈ ಗೊಂದಲದಿಂದಲೋ ಏನೋ, ಹಲವರು ‘ಕೇಳಿ ನೋಡೋಣ, ಕೊಟ್ಟರೆ ಆಮೇಲೆ ಯೋಚಿಸೋಣ’ ಎಂದುಕೊಂಡು ಆ ಚೌಕವನ್ನು ತುಂಬುತ್ತಾರೆ. ಎದುರಾಎದುರು ನಿಂತು ಮಾಡುವ ಚೌಕಾಸಿಯಲ್ಲಿ ಬೆಲೆ ಕೇಳಿ, ಎದುರಿನವರು ಇಳಿದು ಬಂದ ಮೇಲೂ ತಲೆ ಅಲ್ಲಾಡಿಸಿ ಹೊರಟುಬಿಡಬಹುದು. ಅದರಿಂದ ಸ್ವಲ್ಪ ಮುಜುಗರವಾದೀತೇ ಹೊರತು ಬೇರೇನೂ ಆಗದು. ಇಬೇಯಂಥ ತಾಣಗಳ ನಿಯಮ ಹಾಗಿಲ್ಲ. ಮಾರಾಟಗಾರರು ಆಫರನ್ನು ಒಪ್ಪಿದ ಕ್ಷಣದಲ್ಲೇ ವ್ಯಾಪಾರ ಕುದುರಿದಂತೆ ಲೆಕ್ಕ, ಹಣ ಸಂದಾಯವಾಗುವುದೊಂದೇ ಬಾಕಿ. ಕೇಳುವುದು ಮತ್ತು ಒಪ್ಪಿಕೊಳ್ಳುವುದು ಇಲ್ಲಿ ಒಂದೇ ಕ್ರಿಯೆಯೊಳಗೆ ಸೇರಿಹೋಗಿವೆ. ನಾನು ಮುಂದೆ ಹೇಳುವ ಬಹುತೇಕ ಮಾತುಗಳು ಈ ಸಂಗತಿಯಿಂದಲೇ ಹುಟ್ಟುತ್ತವೆ.

ಪಿಯರ್ ಒಮಿಡ್ಯಾರ್ ಅವರು 1995ರ ಸೆಪ್ಟೆಂಬರಿನಲ್ಲಿ ‘ಆಕ್ಷನ್‌ವೆಬ್’ ಎಂಬ ಹೆಸರಿನಲ್ಲಿ ಇಂದಿನ ಇಬೇ ತಾಣವನ್ನು ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದಾಗ ಅಲ್ಲಿ ಮಾರಾಟವಾದ ಮೊದಲ ವಸ್ತು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಅದು 14.83 ಡಾಲರಿಗೆ ಹೋಯಿತು. ‘ಅದು ಕೆಟ್ಟಿದೆ ಎಂಬುದು ಗೊತ್ತಿದೆಯಷ್ಟೆ?’ ಎಂದು ಅವರು ವಿಚಾರಿಸಿದಾಗ, ಕೆಟ್ಟ ಲೇಸರ್ ಪಾಯಿಂಟರುಗಳನ್ನು ಸಂಗ್ರಹಿಸುವುದೇ ತನ್ನ ಹವ್ಯಾಸವೆಂದು ಕೊಂಡವರು ಉತ್ತರಿಸಿದರಂತೆ. ಕಂಪನಿಯೇ ಹೇಳಿಕೊಂಡು ಬಂದಿರುವ ಈ ಕಥೆಯನ್ನು ಸಾಮಾನ್ಯವಾಗಿ ತಮಾಷೆಗಾಗಿ ನೆನೆಯುತ್ತಾರೆ. ನನಗೆ ಅದರಲ್ಲಿ ಕಾಣುವುದು ಚೌಕಾಸಿಯ ಮೂಲ ತೊಡಕು. ಆ ವಸ್ತು ಕೊಳ್ಳುವವರಿಗೆ ಎಷ್ಟು ಬೆಲೆ ಬಾಳುತ್ತದೆ ಎಂಬುದು ಮಾರುವವರಿಗೆ ತಿಳಿಯದು. ಮಾರುವವರಿಗೆ ಎಷ್ಟಕ್ಕೆ ಗಿಟ್ಟುತ್ತದೆ ಎಂಬುದು ಕೊಳ್ಳುವವರಿಗೆ ತಿಳಿಯದು. ಹರಾಜಿನಲ್ಲಿ ಹಲವರು ಪೈಪೋಟಿಗೆ ಇಳಿದು ಈ ಗುಟ್ಟುಗಳನ್ನು ತಾವಾಗಿಯೇ ಹೊರಗೆಡಹುತ್ತಾರೆ. ಆಫರಿನಲ್ಲಿ ಇಬ್ಬರೇ ಇರುತ್ತಾರೆ, ಇಬ್ಬರೂ ತಮ್ಮ ತಮ್ಮ ಗುಟ್ಟನ್ನು ಮುಷ್ಟಿಯಲ್ಲಿಟ್ಟುಕೊಂಡಿರುತ್ತಾರೆ.

ಹರಾಜು ತಾಣವಾಗಿ ಹುಟ್ಟಿದ ಇಬೇ 2000ದಲ್ಲಿ ‘ಈಗಲೇ ಕೊಳ್ಳಿ’ ಎಂಬ ನಿಗದಿತ ಬೆಲೆಯ ಮಾರ್ಗವನ್ನು ತಂದಿತು. ಮುಂದಿನ ವರ್ಷಗಳಲ್ಲಿ ಅದರ ಬೆನ್ನಿಗೆ ಆಫರ್ ಪದ್ಧತಿಯೂ ಸೇರಿಕೊಂಡಿತು. ಈಗ ಅಲ್ಲಿ ನಡೆಯುವ ವ್ಯಾಪಾರದ ಬಹುಪಾಲು ಹರಾಜಿನದಲ್ಲ. ಆದರೂ ಜನರ ಮನಸ್ಸಿನಲ್ಲಿ ಹರಾಜಿನ ರೂಢಿಗಳೇ ಉಳಿದಿವೆ, ಮತ್ತು ಆ ರೂಢಿಗಳನ್ನು ಆಫರಿಗೆ ಅನ್ವಯಿಸಿದಾಗ ಕೈ ಸುಡುತ್ತದೆ. ಈ ವ್ಯತ್ಯಾಸವನ್ನು ಸ್ವಲ್ಪ ವಿವರವಾಗಿ ನೋಡೋಣ.

ಇಂಥ ತಾಣದ ಹರಾಜಿನಲ್ಲಿ ನೀವು ಬಿಡ್ ಮಾಡುವಾಗ ನಿಮ್ಮ ಗರಿಷ್ಠ ಮೊತ್ತವನ್ನು ಗುಟ್ಟಾಗಿ ಬರೆದುಕೊಡುತ್ತೀರಿ. ತಾಣದ ತಂತ್ರಾಂಶವು ನಿಮ್ಮ ಪರವಾಗಿ, ಅಗತ್ಯವಿದ್ದಷ್ಟೇ ಮೇಲೇರುತ್ತ ಹೋಗುತ್ತದೆ. ನೀವು 10,000 ಎಂದು ಬರೆದಿದ್ದೀರಿ, ನಿಮ್ಮ ನಂತರದ ಅತಿ ದೊಡ್ಡ ಬಿಡ್ 6,200 ಎಂದಿಟ್ಟುಕೊಳ್ಳಿ; ನೀವು ಕೊಡಬೇಕಾದದ್ದು 6,200ಕ್ಕಿಂತ ಒಂದು ಮೆಟ್ಟಿಲು ಮೇಲಿನ ಮೊತ್ತ ಮಾತ್ರ. ಗೆದ್ದವರು ಕೊಡುವ ಬೆಲೆಯನ್ನು ಎರಡನೆಯವರ ಬಿಡ್ ನಿರ್ಧರಿಸುವ ಇಂಥ ಹರಾಜಿನಲ್ಲಿ ನಿಜವಾದ ಗರಿಷ್ಠ ಬೆಲೆಯನ್ನು ಬರೆಯುವುದೇ ಲಾಭದಾಯಕ ಎಂಬುದನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿಕೊಟ್ಟಿದ್ದರು. 1996ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಅಲ್ಲಿ ಸತ್ಯ ಹೇಳಿದವರಿಗೆ ದಂಡವಿಲ್ಲ. ಆಫರಿನ ಚೌಕದಲ್ಲಿ ಅದೇ 10,000ವನ್ನು ಬರೆದರೆ, ಮಾರಾಟಗಾರರು 7,000ಕ್ಕೆ ಕೊಡಲು ಸಿದ್ಧರಿದ್ದರೂ ನೀವು ತೆರುವುದು ಪೂರಾ 10,000. ಬರೆದಷ್ಟೇ ಕೊಡಬೇಕಾದ ಈ ಪದ್ಧತಿಯಲ್ಲಿ ನಿಮ್ಮ ಗರಿಷ್ಠ ಬೆಲೆಗಿಂತ ಕೆಳಗೆ ಬರೆಯಲೇಬೇಕು, ಆದರೆ ಎಷ್ಟು ಕೆಳಗೆ ಎಂಬುದಕ್ಕೆ ವಿಕ್ರಿಯವರ ಹರಾಜಿನಲ್ಲಿರುವಂಥ ನೇರವಾದ ಸೂತ್ರವಿಲ್ಲ. ಎದುರಿನವರ ಬಗ್ಗೆ ನಿಮಗೆಷ್ಟು ಗೊತ್ತು ಎಂಬುದನ್ನೇ ಅದು ಅವಲಂಬಿಸಿದೆ.

ಹರಾಜು ಮತ್ತು ಆಫರ್ ಎರಡೂ ಒಂದೇ ವಸ್ತುವಿನ ಮೇಲೆ ಒಟ್ಟಿಗೆ ಇರುವುದೂ ಉಂಟು. ಆಗ ಗಮನಿಸಬೇಕಾದ ನಿಯಮವೊಂದಿದೆ: ಇಬೇಯಲ್ಲಿ ಮೊದಲ ಬಿಡ್ ಬೀಳುವವರೆಗೆ ಮಾತ್ರ ಆಫರಿಗೆ ಅವಕಾಶ, ಯಾರಾದರೂ ಆರಂಭಿಕ ಬೆಲೆಗೆ ಬಿಡ್ ಮಾಡಿದರೆ ಆಫರಿನ ಗುಂಡಿ ಮಾಯವಾಗುತ್ತದೆ. ಇದನ್ನು ಬಲ್ಲ ಕೆಲವರು, ಬೇರೊಬ್ಬರು ಮಾರಾಟಗಾರರನ್ನು ಒಪ್ಪಿಸಿ ವಸ್ತುವನ್ನು ಹಾರಿಸಿಕೊಂಡು ಹೋಗದಿರಲಿ ಎಂದು ಕಂಡ ಕೂಡಲೇ ಒಂದು ಕನಿಷ್ಠ ಬಿಡ್ ಹಾಕಿಬಿಡುತ್ತಾರೆ. ನಿಯಮದೊಳಗಿನ ನಡೆಯೇ ಅದು, ತಪ್ಪೇನಿಲ್ಲ. ತಪ್ಪು ಅನ್ನಿಸುವುದು ಇನ್ನೊಂದು ನಡೆ: ಬಿಡ್‌ಗಳು ಬಿದ್ದ ಮೇಲೂ ಸಂದೇಶ ಕಳುಹಿಸಿ, ‘ಹರಾಜನ್ನು ಇಲ್ಲಿಗೇ ನಿಲ್ಲಿಸಿ, ನನಗೆ ಇಷ್ಟಕ್ಕೆ ಕೊಡಿ’ ಎಂದು ಮಾರಾಟಗಾರರನ್ನು ಪುಸಲಾಯಿಸುವುದು. ಮಾರಾಟದ ಅನುಭವ ಕಡಿಮೆ ಇರುವವರು ಇಂಥ ಮಾತಿಗೆ ಮರುಳಾಗುತ್ತಾರೆ. ಹರಾಜಿನ ಕೊನೆಯ ನಿಮಿಷಗಳಲ್ಲಿ ಬಿಡ್‌ಗಳು ಮುಗಿಬೀಳುವುದು ಇಬೇಯ ಮಟ್ಟಿಗೆ ಸಾಮಾನ್ಯ ಸಂಗತಿ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಆಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯವೇ ಅದಾಗಿತ್ತು. ಆ ಕೊನೆಯ ನಿಮಿಷಗಳನ್ನು ಬಿಟ್ಟುಕೊಟ್ಟು ಮೊದಲೇ ಮಾರುವವರು ಯಾವುದನ್ನು ಕಳೆದುಕೊಳ್ಳುತ್ತಿದ್ದಾರೆ ಎಂಬುದು ಕೇಳುವವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಅದಕ್ಕೇ ಕೇಳುತ್ತಾರೆ. ನಾನು ಮಾರುವ ಸ್ಥಾನದಲ್ಲಿದ್ದಾಗ ಇಂಥ ಸಂದೇಶ ಬಂದರೆ, ವಸ್ತುವಿಗೆ ನಾನು ಊಹಿಸಿದ್ದಕ್ಕಿಂತ ಹೆಚ್ಚು ಬೇಡಿಕೆ ಇದೆ ಎಂದೇ ಅರ್ಥ ಮಾಡಿಕೊಳ್ಳುತ್ತೇನೆ.

ಇನ್ನು ಸಂಖ್ಯೆಯ ಪ್ರಶ್ನೆಗೆ ಬರೋಣ. ಸಂಖ್ಯೆಯನ್ನು ಯೋಚಿಸುವ ಮೊದಲು ನೋಡಬೇಕಾದದ್ದು ಮಾರಾಟವಾಗಿ ಮುಗಿದ ವಸ್ತುಗಳ ಪಟ್ಟಿಯನ್ನು. ಮಾರಾಟಕ್ಕಿಟ್ಟ ವಸ್ತುಗಳ ಬೆಲೆಗಳು ಮಾರುವವರ ಆಸೆಯನ್ನು ಹೇಳುತ್ತವೆ; ಒಂದೇ ಬಗೆಯ ಲೆನ್ಸಿಗೆ ಹತ್ತು ಜನ ಹತ್ತು ಬೆಲೆ ಕಟ್ಟಿ ಎರಡು ವರ್ಷ ಕಾದು ಕುಳಿತಿರಬಹುದು. ಇಬೇಯ ಹುಡುಕಾಟದಲ್ಲಿ ‘ಮಾರಾಟವಾದವು’ ಎಂಬ ಆಯ್ಕೆಯನ್ನು ಗುರುತು ಮಾಡಿದರೆ ಹಿಂದಿನ ಸುಮಾರು 90 ದಿನಗಳಲ್ಲಿ ನಿಜವಾಗಿ ಹಣ ಕೈಬದಲಿಸಿದ ವ್ಯವಹಾರಗಳು ಕಾಣುತ್ತವೆ. ಆದರೆ ಇಲ್ಲೊಂದು ಮೋಸಹೋಗುವ ಜಾಗವಿದೆ. ಆಫರ್ ಒಪ್ಪಿ ಮಾರಿದ ವಸ್ತುಗಳ ಎದುರು ಮೂಲ ಬೆಲೆಗೆ ಅಡ್ಡಗೆರೆ ಎಳೆದಿರುತ್ತದೆ. ಅಂತಿಮವಾಗಿ ಎಷ್ಟಕ್ಕೆ ಹೋಯಿತು ಎಂಬುದನ್ನು ಆ ಪಟ್ಟಿ ತೋರಿಸುವುದಿಲ್ಲ. ಹೊಸಬರು ಆ ಅಡ್ಡಗೆರೆಯನ್ನು ಗಮನಿಸದೆ ಮೂಲ ಬೆಲೆಯನ್ನೇ ಮಾರುಕಟ್ಟೆ ದರವೆಂದು ನಂಬಿಬಿಡುತ್ತಾರೆ. ಅಡ್ಡಗೆರೆಯ ಸಾಲುಗಳಿಂದ ಸಿಗುವ ಮಾಹಿತಿ ಒಂದೇ: ವ್ಯಾಪಾರ ಅದಕ್ಕಿಂತ ಕೆಳಗೆ ಕುದುರಿದೆ. ಎಷ್ಟು ಕೆಳಗೆ ಎಂಬುದನ್ನು ಗೆರೆಯಿಲ್ಲದ ಸಾಲುಗಳ ಜೊತೆ, ಅದರಲ್ಲೂ ಹರಾಜಿನಲ್ಲಿ ಹೋದವುಗಳ ಜೊತೆ ಹೋಲಿಸಿ ಅಂದಾಜು ಮಾಡಬೇಕು. ಹೋಲಿಸುವಾಗ ವಸ್ತುವಿನ ಸ್ಥಿತಿ, ಪೆಟ್ಟಿಗೆ ಇದೆಯೇ, ದುರಸ್ತಿಯಾಗಿದೆಯೇ ಎಂಬುದನ್ನೆಲ್ಲ ಒಂದೊಂದಾಗಿ ತೆರೆದು ನೋಡುವ ತಾಳ್ಮೆ ಬೇಕು. ಈ ಅರ್ಧ ಗಂಟೆಯ ಕೆಲಸವನ್ನು ಮಾಡದವರಿಗೆ ಚೌಕಾಸಿಯ ಯಾವ ಚಾತುರ್ಯವೂ ನೆರವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಮೇಲೆ ಮಾರಾಟಗಾರರನ್ನು ಓದಬೇಕು. ‘ಓದುವುದು’ ಎಂದು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ಅವರು ಇಟ್ಟಿರುವ ಬೆಲೆಯೇ ಒಂದು ಮಾತಿನಂತಿರುತ್ತದೆ. ಮ್ಯಾಥ್ಯೂ ಬ್ಯಾಕಸ್, ಥಾಮಸ್ ಬ್ಲೇಕ್ ಮತ್ತು ಸ್ಟೀವನ್ ಟಡೆಲಿಸ್ 2019ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇದಕ್ಕೆ ಒಳ್ಳೆಯ ಆಧಾರ. ಇಬೇಯಲ್ಲಿ 100 ಡಾಲರಿನ ಗುಣಕಗಳಲ್ಲಿ, ಅಂದರೆ 300, 500 ಎಂಬಂಥ ದುಂಡು ಸಂಖ್ಯೆಗಳಲ್ಲಿ ಬೆಲೆ ಇಟ್ಟವರನ್ನು, ಅವುಗಳ ಅಕ್ಕಪಕ್ಕದ ಬಿಡಿಬಿಡಿ ಸಂಖ್ಯೆಗಳನ್ನು ಇಟ್ಟವರೊಡನೆ ಅವರು ಹೋಲಿಸಿದರು. ದುಂಡು ಸಂಖ್ಯೆ ಇಟ್ಟವರಿಗೆ ಬಂದ ಆಫರುಗಳು ಶೇ. 5ರಿಂದ 8ರಷ್ಟು ಕಡಿಮೆ ಇದ್ದವು, ಆದರೆ 6ರಿಂದ 11 ದಿನ ಮೊದಲೇ ಬಂದವು, ಮತ್ತು ವಸ್ತು ಮಾರಾಟವಾಗುವ ಸಂಭವ ಶೇ. 3ರಿಂದ 5ರಷ್ಟು ಹೆಚ್ಚಿತ್ತು. ‘ನನಗೆ ಬೇಗ ಮಾರಿಹೋದರೆ ಸಾಕು, ಸ್ವಲ್ಪ ಹೆಚ್ಚುಕಡಿಮೆಗೆ ಒಪ್ಪುತ್ತೇನೆ’ ಎಂದು ಬಾಯಿಬಿಟ್ಟು ಹೇಳದೆಯೇ ದುಂಡು ಸಂಖ್ಯೆ ಹೇಳಿಬಿಡುತ್ತದೆ ಎಂಬುದು ಅವರ ವಾದ. 487 ಎಂದು ಬರೆದವರು ಏನೋ ಲೆಕ್ಕ ಹಾಕಿ ಬರೆದಿರುತ್ತಾರೆ. ಅವರಿಂದ ಅಷ್ಟು ಇಳಿಕೆ ನಿರೀಕ್ಷಿಸುವಂತಿಲ್ಲ. ಕೊಳ್ಳುವವರಿಗೂ ಇದರಲ್ಲಿ ಪಾಠವಿದೆ ಎಂದು ನನಗನ್ನಿಸುತ್ತದೆ. 400 ಎಂದು ಆಫರ್ ಮಾಡಿದರೆ ಬಾಯಿಗೆ ಬಂದದ್ದನ್ನು ಹೇಳಿದಂತೆ ಕೇಳಿಸುತ್ತದೆ. ಹಿಂದಿನ ಮಾರಾಟಗಳನ್ನು ನೋಡಿ 412 ಎಂದು ಬರೆದರೆ ಅದರ ಹಿಂದೆ ಲೆಕ್ಕವಿದೆ ಎಂದು ಎದುರಿನವರಿಗೆ ತೋರುತ್ತದೆ. ಈ ಎರಡನೆಯ ಮಾತು ನನ್ನ ಅನುಭವದ್ದು, ಸಂಶೋಧನೆಯದ್ದಲ್ಲ ಎಂಬುದನ್ನು ಇಲ್ಲಿ ಬೇರ್ಪಡಿಸಿ ಹೇಳಬೇಕು.

ಬೆಲೆಯ ಹೊರತಾಗಿ ನೋಡಬೇಕಾದ ಇನ್ನೂ ಕೆಲವು ಸೂಚನೆಗಳಿವೆ. ವಸ್ತು ಎಷ್ಟು ದಿನಗಳಿಂದ ಅಲ್ಲಿದೆ, ಬೆಲೆಯನ್ನು ಈ ಹಿಂದೆ ಇಳಿಸಿದ್ದಾರೆಯೇ, ಮಾರುವವರು ಅದೇ ವ್ಯಾಪಾರದವರೋ ಅಥವಾ ಮನೆಯಲ್ಲಿ ಬಳಸದೆ ಬಿದ್ದಿದ್ದನ್ನು ವಿಲೇವಾರಿ ಮಾಡುತ್ತಿರುವವರೋ ಎಂಬುದನ್ನು ಅವರ ಇತರ ವಸ್ತುಗಳಿಂದ ತಿಳಿಯಬಹುದು. ವ್ಯಾಪಾರಿಗೆ ಅಸಲು ಎಂಬ ಒಂದು ಗೆರೆ ಇದೆ. ಅದರ ಕೆಳಗೆ ಅವರು ಇಳಿಯಲಾರರು. ಮನೆಯ ವಸ್ತುವನ್ನು ಮಾರುವವರಿಗೆ ಅಂಥ ಗೆರೆ ಇಲ್ಲ, ಆದರೆ ಆ ವಸ್ತುವಿನ ಜೊತೆ ನಂಟು ಇರಬಹುದು, ಅದು ಅಸಲಿಗಿಂತ ಗಟ್ಟಿಯಾದ ಗೆರೆ. ಮಾರುವವರ ಕೈಗೆ ಸೇರುವುದು ನೀವು ಬರೆದ ಪೂರ್ಣ ಮೊತ್ತವಲ್ಲ ಎಂಬುದನ್ನೂ ಮರೆಯಬಾರದು. ತಾಣದ ಶುಲ್ಕ ಅದರಿಂದ ಕಡಿತವಾಗುತ್ತದೆ. ಸಾಗಣೆ ಉಚಿತವೆಂದು ಘೋಷಿಸಿದ್ದರೆ ಪಾರ್ಸೆಲ್ಲಿನ ಖರ್ಚೂ ಅದರೊಳಗಿಂದಲೇ ಹೋಗಬೇಕು. ನಿಮ್ಮ ಕಡೆಯಿಂದ ಶೇ. 15ರಷ್ಟು ಇಳಿಕೆ ಸಾಧಾರಣವಾಗಿ ಕಂಡರೂ, ಭಾರವಾದ ವಸ್ತುವನ್ನು ಉಚಿತ ಸಾಗಣೆಯಲ್ಲಿ ಕಳುಹಿಸುವವರಿಗೆ ಅದು ಇದ್ದ ಲಾಭವನ್ನೆಲ್ಲ ಗುಡಿಸಿಹಾಕಿದಂತೆ ಆಗಬಹುದು. ಅದೇ ರೀತಿ ನಿಮ್ಮ ಲೆಕ್ಕವೂ ಒಟ್ಟು ಮೊತ್ತದ ಮೇಲೆಯೇ ಇರಬೇಕು: ಸಾಗಣೆ, ತೆರಿಗೆ, ವಿದೇಶದಿಂದ ಬರುವುದಾದರೆ ಸುಂಕ, ಎಲ್ಲ ಸೇರಿಸಿ.

ಈಗ ಎಷ್ಟು ಕೆಳಗಿನಿಂದ ಆರಂಭಿಸಬೇಕು ಎಂಬ ಪ್ರಶ್ನೆ. ಮೇಲೆ ಹೇಳಿದ ಮೂವರು ಬ್ರ್ಯಾಡ್ ಲಾರ್ಸೆನ್ ಅವರೊಂದಿಗೆ ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇಬೇಯ ಎರಡೂವರೆ ಕೋಟಿಗೂ ಹೆಚ್ಚು ವಸ್ತುಗಳ ಮೇಲೆ ನಡೆದ ಚೌಕಾಸಿಯನ್ನು ಪರಿಶೀಲಿಸಿತು. ಅವುಗಳಲ್ಲಿ ಮೂರನೇ ಒಂದು ಭಾಗ ತಕ್ಷಣದ ಒಪ್ಪಂದದಲ್ಲಿ ಮುಗಿದಿತ್ತು. ಉಳಿದವು ಒಂದೋ ಹಗ್ಗಜಗ್ಗಾಟದ ನಂತರ ಕುದುರಿದವು, ಇಲ್ಲವೇ ಮುರಿದುಬಿದ್ದವು. ಒಬ್ಬರು ಒಂದು ಹೆಜ್ಜೆ ಬಿಟ್ಟುಕೊಟ್ಟರೆ ಇನ್ನೊಬ್ಬರೂ ಅದಕ್ಕೆ ತಕ್ಕಂತೆ ಬಿಟ್ಟುಕೊಡುವುದು, ಕೊನೆಯ ಎರಡು ಸಂಖ್ಯೆಗಳ ನಟ್ಟನಡುವಿನ ಸಂಖ್ಯೆಯನ್ನು ಸೂಚಿಸುವುದು ಮತ್ತು ಅದನ್ನು ಒಪ್ಪುವುದು ಜನರಿಗೆ ಬಹಳ ಪ್ರಿಯ ಎಂಬುದು ಆ ಅಧ್ಯಯನದ ಗಟ್ಟಿಯಾದ ಕಾಣ್ಕೆಗಳಲ್ಲೊಂದು. ಶುದ್ಧ ಲೆಕ್ಕಾಚಾರದ ಸಿದ್ಧಾಂತಗಳು ಇದನ್ನು ವಿವರಿಸುವುದಿಲ್ಲ. ನಡುವೆ ಪಾಲು ಮಾಡಿಕೊಳ್ಳುವುದು ನ್ಯಾಯ ಎಂಬ ರೂಢಿಗತ ಭಾವನೆಯೇ ಅಲ್ಲಿ ಕೆಲಸ ಮಾಡುತ್ತಿದೆ.

ಇದನ್ನು ಬಳಸಿಕೊಳ್ಳುವ ಬಗೆ ಸರಳ. ಮಾರಾಟಗಾರರ ಬೆಲೆ 10,000, ಹಿಂದಿನ ಮಾರಾಟಗಳನ್ನು ನೋಡಿ ನಿಮಗೆ ನ್ಯಾಯವೆನಿಸಿದ ಬೆಲೆ 8,000 ಎಂದಾದರೆ, ನೇರವಾಗಿ 8,000 ಎಂದು ಬರೆದವರು ಬಹುಶಃ 9,000ಕ್ಕೆ ಬಂದು ನಿಲ್ಲುತ್ತಾರೆ. 7,400ರಿಂದ ಆರಂಭಿಸಿದರೆ, ಎದುರಿನವರು 8,600 ಎಂದು ಮರು ಆಫರ್ ಕಳುಹಿಸಿದಾಗ ನಡುಬಿಂದು 8,000ವೇ ಆಗಿರುತ್ತದೆ. ಹಾಗಿದ್ದರೆ 6,000ದಿಂದ ಆರಂಭಿಸಿದರೆ ನಡುಬಿಂದು ಇನ್ನೂ ಕೆಳಗೆ ಬೀಳುವುದಿಲ್ಲವೇ ಎಂದು ನೀವು ಕೇಳಬಹುದು. ಎದುರಿನವರು ಉತ್ತರಿಸಿದರೆ ಬೀಳುತ್ತದೆ. ಆದರೆ ಉತ್ತರ ಬರುವುದೇ ಇಲ್ಲ ಎಂಬುದು ಅಲ್ಲಿನ ಅಪಾಯ. ಅನೇಕ ಮಾರಾಟಗಾರರು ತಾಣದಲ್ಲಿ ಮೊದಲೇ ಎರಡು ಗಡಿಗಳನ್ನು ಗೊತ್ತುಮಾಡಿಟ್ಟಿರುತ್ತಾರೆ: ಇಷ್ಟಕ್ಕಿಂತ ಕೆಳಗಿನದ್ದನ್ನು ತಾನಾಗಿಯೇ ನಿರಾಕರಿಸು, ಇಷ್ಟಕ್ಕಿಂತ ಮೇಲಿನದ್ದನ್ನು ತಾನಾಗಿಯೇ ಒಪ್ಪು ಎಂದು. ಕೆಳಗಡಿಗಿಂತ ಕಡಿಮೆ ಬರೆದರೆ ನಿಮ್ಮ ಆಫರನ್ನು ಮನುಷ್ಯರು ಓದುವುದೇ ಇಲ್ಲ, ಯಂತ್ರ ಕ್ಷಣಾರ್ಧದಲ್ಲಿ ತಿರಸ್ಕರಿಸುತ್ತದೆ. ಒಂದು ವಸ್ತುವಿಗೆ ಒಬ್ಬರು ಮಾಡಬಹುದಾದ ಆಫರುಗಳ ಸಂಖ್ಯೆಗೆ ತಾಣಗಳು ಮಿತಿ ಹಾಕಿರುವುದರಿಂದ, ಹೀಗೆ ತಿರಸ್ಕೃತವಾದ ಪ್ರತಿಯೊಂದೂ ನಿಮ್ಮ ಕೈಯಲ್ಲಿದ್ದ ಒಂದು ಅವಕಾಶದ ನಷ್ಟ. ಮನುಷ್ಯರೇ ಓದಿದರೂ, ಅರ್ಧ ಬೆಲೆಗೆ ಕೇಳಿದವರನ್ನು ಕೊಳ್ಳುವ ಮನಸ್ಸಿನವರೆಂದು ಅವರು ನಂಬುವುದಿಲ್ಲ. ನಾನು ಮಾರುವಾಗ ಅಂಥವರಿಗೆ ಉತ್ತರಿಸುವ ಗೋಜಿಗೇ ಹೋಗುವುದಿಲ್ಲ. ಕೊಸರಾಡುತ್ತ ಹೋಗುವವರು ಹಣ ಕೊಟ್ಟ ಮೇಲೂ ಕೊಸರಾಡುತ್ತಾರೆ ಎಂಬ ಭಯ, ಸರಿಯೋ ತಪ್ಪೋ, ಮಾರುವವರಲ್ಲಿ ಬಲವಾಗಿದೆ.

ಮೇಲ್ಗಡಿಯ ಕಥೆ ಇದಕ್ಕೆ ವಿರುದ್ಧವಾದದ್ದು. ಆಫರ್ ಕಳುಹಿಸಿದ ಮರುಕ್ಷಣವೇ ‘ಒಪ್ಪಲಾಗಿದೆ’ ಎಂಬ ಸಂದೇಶ ಬಂದರೆ ಸಂತೋಷವಾಗಬೇಕಲ್ಲವೇ? ಆಗುವುದಿಲ್ಲ. ಇನ್ನೂ ಕಡಿಮೆ ಕೇಳಬಹುದಿತ್ತು ಎಂಬ ಸಂಕಟ ಶುರುವಾಗುತ್ತದೆ. ಮೊದಲ ಬೆಲೆಗೇ ಒಪ್ಪಿಗೆ ಸಿಕ್ಕವರು, ಜಗ್ಗಾಡಿ ಅದಕ್ಕಿಂತ ಕೆಟ್ಟ ಬೆಲೆಗೆ ಕುದುರಿಸಿಕೊಂಡವರಿಗಿಂತಲೂ ಹೆಚ್ಚು ಅತೃಪ್ತರಾಗಿರುತ್ತಾರೆ ಎಂಬುದನ್ನು ಮನಃಶಾಸ್ತ್ರಜ್ಞರು 2002ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದ್ದಾರೆ. ಇದಕ್ಕೆ ನನಗೆ ತಿಳಿದ ಮದ್ದೆಂದರೆ, ಕಳುಹಿಸುವ ಮೊದಲೇ ಆ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದು, ‘ಈಗಲೇ ಒಪ್ಪಿದರೂ ನನಗೆ ಬೇಸರವಿಲ್ಲವೇ’ ಎಂದು ಕೇಳಿಕೊಳ್ಳುವುದು. ಬೇಸರವಾಗುತ್ತದೆ ಎಂದಾದರೆ ಸಂಖ್ಯೆ ತಪ್ಪಾಗಿದೆ.

ಆಫರಿನ ಜೊತೆಗೆ ಬರೆಯುವ ಸಂದೇಶದ ಬಗ್ಗೆ ಎರಡು ಮಾತು. ಇಬೇಯ ಜರ್ಮನಿಯ ತಾಣದಲ್ಲಿ ಆಫರಿನೊಂದಿಗೆ ಸಂದೇಶ ಕಳುಹಿಸುವ ಸೌಲಭ್ಯ ಹೊಸದಾಗಿ ಬಂದಾಗ ಅದರ ಪರಿಣಾಮವನ್ನು ಅಳೆದ ಸಂಶೋಧಕರು, ಸಂದೇಶಗಳಿಂದ ಮುರಿದುಬೀಳುವ ಚೌಕಾಸಿಗಳ ಪ್ರಮಾಣ ಇಳಿಯಿತೆಂದು ಕಂಡುಕೊಂಡರು. ಆದ್ದರಿಂದ ಬರೆಯುವುದು ಒಳ್ಳೆಯದು. ಏನು ಬರೆಯಬೇಕು ಎಂಬುದರಲ್ಲಿ ಮಾತ್ರ ಎಚ್ಚರ ಬೇಕು. ವಸ್ತುವನ್ನು ಹೀಗಳೆದರೆ ಬೆಲೆ ಇಳಿಯುತ್ತದೆ ಎಂಬ ನಂಬಿಕೆ ಹಳೆಯದು. ಆದರೆ ತೆರೆಯ ಮೇಲೆ ಓದುವ ತೆಗಳಿಕೆಯಲ್ಲಿ ಎದುರುಬದುರಿನ ನಗುಮುಖವಿರುವುದಿಲ್ಲ, ಬರೀ ಕಹಿ ಉಳಿಯುತ್ತದೆ. ಕಷ್ಟ ತೋಡಿಕೊಳ್ಳುವ ಸಂದೇಶಗಳೂ ಅಷ್ಟೇ ನಿಷ್ಪ್ರಯೋಜಕ. ನಾನು ಬರೆಯುವುದು ಎರಡು ವಾಕ್ಯಗಳನ್ನು: ಕಳೆದ ತಿಂಗಳುಗಳಲ್ಲಿ ಇದೇ ಮಾದರಿ, ಇದೇ ಸ್ಥಿತಿಯಲ್ಲಿ ಇಂತಿಷ್ಟಕ್ಕೆ ಹೋಗಿರುವುದನ್ನು ನೋಡಿ ಈ ಬೆಲೆ ಸೂಚಿಸುತ್ತಿದ್ದೇನೆ, ಒಪ್ಪಿದರೆ ಅದೇ ದಿನ ಹಣ ಸಂದಾಯ ಮಾಡುತ್ತೇನೆ. ಚಿತ್ರದಲ್ಲಿ ಕಾಣದ ದೋಷಗಳ ಬಗ್ಗೆ, ಉದಾಹರಣೆಗೆ ಲೆನ್ಸಿನೊಳಗೆ ಬೂಷ್ಟು ಹಿಡಿದಿದೆಯೇ, ಷಟರ್ ಎಲ್ಲ ವೇಗಗಳಲ್ಲೂ ಸರಿಯಾಗಿ ತೆರೆದುಕೊಳ್ಳುತ್ತದೆಯೇ ಎಂಬುದನ್ನು, ಆಫರಿಗೆ ಮೊದಲೇ ಪ್ರತ್ಯೇಕವಾಗಿ ಕೇಳಿ ಉತ್ತರ ಪಡೆದಿರಬೇಕು. ಆಫರ್ ಒಪ್ಪಿತವಾದ ಮೇಲೆ ಕೇಳುವ ಪ್ರಶ್ನೆಗಳು ಚೌಕಾಸಿಯ ಎರಡನೇ ಸುತ್ತಿನಂತೆ ಕಾಣುತ್ತವೆ, ಮತ್ತು ಕೆಲವರ ವಿಷಯದಲ್ಲಿ ಅದು ನಿಜವೂ ಹೌದು.

ಒಪ್ಪಿಗೆಯ ಹೊಣೆ ಎಂದೆನಲ್ಲ, ಅದು ನನಗೆ ಮನದಟ್ಟಾದದ್ದು ನನ್ನದೇ ಮೂರ್ಖತನದಿಂದ. ಒಮ್ಮೆ ಒಂದು ತಾಣದಲ್ಲಿ ಒಂದೇ ಮಾದರಿಯ ಎರಡು ಹಳೆಯ ಲೆನ್ಸುಗಳು ಇಬ್ಬರು ಬೇರೆ ಬೇರೆ ಮಾರಾಟಗಾರರ ಬಳಿ ಕಂಡವು. ಯಾರಾದರೊಬ್ಬರು ಒಪ್ಪಿಯಾರು ಎಂದುಕೊಂಡು ಇಬ್ಬರಿಗೂ ಒಂದೇ ರಾತ್ರಿ ಆಫರ್ ಕಳುಹಿಸಿ ಮಲಗಿದೆ. ಬೆಳಿಗ್ಗೆ ಏಳುವಷ್ಟರಲ್ಲಿ ಇಬ್ಬರೂ ಒಪ್ಪಿಯಾಗಿತ್ತು. ಒಬ್ಬರಿಗೆ ಬೇಡವೆಂದು ಬರೆಯಬಹುದಿತ್ತು. ಆದರೆ ನನ್ನ ಸಂಖ್ಯೆಯನ್ನು ನಂಬಿ ಅವರು ತಮ್ಮ ವಸ್ತುವನ್ನು ಮಾರಾಟದಿಂದ ತೆಗೆದಿದ್ದರು. ಎರಡಕ್ಕೂ ಹಣ ಕೊಟ್ಟೆ. ಎರಡನೆಯದನ್ನು ಮುಂದೆ ನಷ್ಟಕ್ಕೆ ಮಾರಿದೆ, ಅದನ್ನೂ ಆಫರಿನ ಮೂಲಕವೇ. ಅಂದಿನಿಂದ ಒಂದು ಆಫರ್ ಬಾಕಿ ಇರುವಾಗ ಇನ್ನೊಂದನ್ನು ಕಳುಹಿಸುವುದಿಲ್ಲ. ಮಾರಾಟಗಾರರು ಉತ್ತರಿಸಲು ಇರುವ ಒಂದು ಅಥವಾ ಎರಡು ದಿನಗಳ ಗಡುವು ಮುಗಿಯಲಿ ಎಂದು ಕಾಯುತ್ತೇನೆ, ಇಲ್ಲವೇ ತಾಣದಲ್ಲಿ ಅವಕಾಶವಿದ್ದರೆ ಮೊದಲನೆಯದನ್ನು ಹಿಂತೆಗೆದುಕೊಂಡು ಮುಂದುವರಿಯುತ್ತೇನೆ.

ಆ ಗಡುವಿನ ಅವಧಿಯಲ್ಲಿ ವಸ್ತು ನಿಮಗಾಗಿ ಕಾದಿರಿಸಲ್ಪಟ್ಟಿರುವುದಿಲ್ಲ ಎಂಬುದೂ ನೆನಪಿರಲಿ. ನೀವು ಮಾರಾಟಗಾರರ ಉತ್ತರಕ್ಕಾಗಿ ಕಾಯುತ್ತಿರುವಾಗ ಮೂರನೆಯವರೊಬ್ಬರು ಪೂರ್ತಿ ಬೆಲೆ ಕೊಟ್ಟು ಕೊಂಡೊಯ್ಯಬಹುದು. ಹಾಗಾಗಿ ಸುಲಭವಾಗಿ ಸಿಗುವ ವಸ್ತುವಿಗೂ ಅಪರೂಪದ ವಸ್ತುವಿಗೂ ಒಂದೇ ನೀತಿ ಸಲ್ಲದು. ಬೇರೆ ಹತ್ತು ಕಡೆ ಸಿಗುವಂಥದ್ದಾದರೆ ಕೊಳ್ಳುವವರ ಕೈ ಮೇಲಿರುತ್ತದೆ. ಅಂಥ ವಸ್ತುವನ್ನು ಗಮನಪಟ್ಟಿಗೆ, ಅಂದರೆ ಕೊಳ್ಳದೆ ಕಣ್ಣಿಟ್ಟಿರುವ ವಸ್ತುಗಳನ್ನು ತಾಣದಲ್ಲಿ ಗುರುತು ಮಾಡಿಡುವ ಪಟ್ಟಿಗೆ, ಸೇರಿಸಿ ಸುಮ್ಮನಿದ್ದರೂ, ಮಾರಾಟಗಾರರೇ ಆಸಕ್ತರಿಗೆಂದು ಇಳಿಸಿದ ಬೆಲೆಯನ್ನು ಕಳುಹಿಸುವ ವ್ಯವಸ್ಥೆ ಈಗ ಇದೆ. ಐದು ವರ್ಷಕ್ಕೊಮ್ಮೆ ಕಣ್ಣಿಗೆ ಬೀಳುವ ವಸ್ತುವಿಗೆ ಶೇ. 7 ಉಳಿಸಲು ಹೋಗಿ ಅದನ್ನೇ ಕಳೆದುಕೊಳ್ಳುವುದನ್ನು ನಾನು ಜಾಣತನವೆಂದು ಕರೆಯಲಾರೆ. ಒಬ್ಬರ ಬಳಿಯೇ ನಿಮಗೆ ಬೇಕಾದ ಎರಡು ಮೂರು ವಸ್ತುಗಳಿದ್ದರೆ ಒಟ್ಟಿಗೆ ಕೇಳಿ. ಒಂದೇ ಪಾರ್ಸೆಲ್ಲಿನಲ್ಲಿ ಕಳುಹಿಸುವುದರಿಂದ ಅವರಿಗೆ ಉಳಿಯುವ ಖರ್ಚು ನಿಮಗೆ ಇಳಿಕೆಯಾಗಿ ಸಿಗುತ್ತದೆ, ಯಾರಿಗೂ ನೋವಿಲ್ಲ.

ತಾಣದ ಹೊರಗೆ ವ್ಯವಹಾರ ಮುಗಿಸೋಣ, ಶುಲ್ಕ ಉಳಿಯುತ್ತದೆ ಎಂಬ ಪ್ರಸ್ತಾಪ ಬಂದರೆ ಅಲ್ಲಿಗೇ ಮಾತು ನಿಲ್ಲಿಸಿ. ನಿಯಮಕ್ಕೆ ವಿರುದ್ಧ ಎಂಬುದು ಒಂದು ಕಾರಣ. ವಸ್ತು ಬರದಿದ್ದರೆ ಅಥವಾ ಹೇಳಿದಂತೆ ಇರದಿದ್ದರೆ ಹಣ ಹಿಂದಿರುಗಿಸುವ ತಾಣದ ಭರವಸೆ ಆ ಕ್ಷಣದಲ್ಲೇ ಇಲ್ಲವಾಗುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಉಪನ್ಯಾಸದ ನಂತರ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತಿದ್ದೇನೆ. ‘ಎಲ್ಲವನ್ನೂ ಸರಿಯಾಗಿ ಮಾಡಿದರೂ ಆಫರ್ ತಿರಸ್ಕೃತವಾದರೆ ತಪ್ಪು ಯಾರದು?’ ಎಂಬುದು ಅವರ ಪ್ರಶ್ನೆ. ಯಾರದೂ ಅಲ್ಲದಿರಬಹುದು ಎಂದು ಉತ್ತರಿಸಿದೆ. ರೋಜರ್ ಮೈಯರ್ಸನ್ ಮತ್ತು ಮಾರ್ಕ್ ಸ್ಯಾಟರ್ಥ್‌ವೇಟ್ 1983ರಲ್ಲಿ ಗಣಿತದ ಮೂಲಕ ಸಾಧಿಸಿದ ಫಲಿತಾಂಶವೊಂದಿದೆ. ಇಬ್ಬರೂ ತಮ್ಮ ತಮ್ಮ ಬೆಲೆಯನ್ನು ಗುಟ್ಟಾಗಿಟ್ಟುಕೊಂಡಿರುವಾಗ, ಹೊರಗಿನಿಂದ ಹಣ ಸುರಿಯದ ಹೊರತು, ಇಬ್ಬರಿಗೂ ಲಾಭವಾಗುವ ಪ್ರತಿಯೊಂದು ವ್ಯಾಪಾರವೂ ಕುದುರುವಂತೆ ಮಾಡಬಲ್ಲ ಪದ್ಧತಿಯನ್ನು, ಸಾಮಾನ್ಯ ಸಂದರ್ಭಗಳಲ್ಲಿ, ರೂಪಿಸಲು ಸಾಧ್ಯವೇ ಇಲ್ಲ. 8,000 ಕೊಡಬಲ್ಲವರು ಮತ್ತು 7,800ಕ್ಕೆ ಕೊಡಬಲ್ಲವರು ಇಬ್ಬರೂ ತಮ್ಮ ಹಿತ ಕಾಯ್ದುಕೊಳ್ಳಲು ಹೋಗಿ ಬರಿಗೈಯಲ್ಲಿ ಬೇರ್ಪಡುವುದು ಆಗಾಗ ನಡೆಯಲೇಬೇಕು.

‘ಹಾಗಾದರೆ ತಿರಸ್ಕೃತವಾದ ಮೇಲೆ ನೀವೇನು ಮಾಡುತ್ತೀರಿ?’ ಎಂದು ಅವರು ಮತ್ತೆ ಕೇಳಿದರು. ಗಮನಪಟ್ಟಿಯಲ್ಲಿ ಇಟ್ಟು ಮರೆಯುತ್ತೇನೆ ಎಂದೆ. ಈಚೆಗೆ ಒಬ್ಬ ಮಾರಾಟಗಾರರು ನನ್ನ ಎರಡು ಆಫರುಗಳನ್ನು ಮರುಮಾತಿಲ್ಲದೆ ತಿರಸ್ಕರಿಸಿದ್ದರು. ಐದು ವಾರಗಳ ಬಳಿಕ ಗಮನಪಟ್ಟಿಯಲ್ಲಿದ್ದವರಿಗೆಲ್ಲ ಅವರು ಇಳಿಸಿದ ಬೆಲೆ ಕಳುಹಿಸಿದರು. ಅದು ನನ್ನ ಕೊನೆಯ ಆಫರಿಗಿಂತಲೂ ತುಸು ಕಡಿಮೆ ಇತ್ತು. ಅಷ್ಟರಲ್ಲಿ ನಾನು ಬೇರೊಂದು ಕಡೆ ಅದೇ ಪೆನ್ನನ್ನು ಕೊಂಡು, ಅದರ ನಿಬ್ಬು ತೊಳೆದು, ಶಾಯಿ ತುಂಬಿ ಬರೆಯಲು ಆರಂಭಿಸಿಯಾಗಿತ್ತು.